ಹಾಸಿಗೆ ಲಾರಿಯ ಹಿಂದೆ ಮೂರು ಸೆಕೆಂಡು

ಭಾವನ ದವಡೆಹಲ್ಲು ಕಿತ್ತ ಡಾಕ್ಟರು ಬಾಯಿತುಂಬ ಹತ್ತಿ ತುರುಕಿ, "ಒಂದು ಗಂಟೆ ಮಾತಾಡಬೇಡಿ, ಕಾರನ್ನಂತೂ ಮುಟ್ಟಲೇಬೇಡಿ" ಅಂದಾಗ ಟೈಲರಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಅಕ್ಕನ ಗಂಡ ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದನ್ನು ಇಪ್ಪತ್ತು ವರ್ಷದಲ್ಲಿ ಅವಳು ಕಂಡೇ ಇರಲಿಲ್ಲ.

ಭಾವನದು ಹಾಸಿಗೆ ಅಂಗಡಿ. ಆದರೆ ಕಾರು ಓಡಿಸುವುದರಲ್ಲಿ ತನ್ನ ಸಮ ಯಾರೂ ಇಲ್ಲ ಅನ್ನುವುದು ಅವರ ಗಟ್ಟಿ ನಂಬಿಕೆ. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕಿಟಕಿಯ ಹೊರಗೆ, ಮುಂದಿನ ಗಾಡಿಯ ನಂಬರ್ ಪ್ಲೇಟಿಗೆ ಮುತ್ತಿಕ್ಕುವಷ್ಟು ಹತ್ತಿರ. ನಾದಿನಿ ನಲವತ್ತೆಂಟನೇ ವಯಸ್ಸಿಗೆ ಲೈಸೆನ್ಸ್ ತಂದಾಗ, "ಆಮೆಗೂ ಲೈಸೆನ್ಸ್ ಕೊಟ್ಟರಾ?" ಅಂತ ಊಟಕ್ಕೆ ಕೂತವರನ್ನೆಲ್ಲ ನಗಿಸಿದ್ದರು.

ಅವಳೇನು ಮಾಡುತ್ತಾಳೆ ಪಾಪ! "ನಿಮ್ಮೊಬ್ಬರನ್ನು ಬಿಟ್ಟು ರಸ್ತೆಯಲ್ಲಿರೋರೆಲ್ಲ ತಲೆಕೆಟ್ಟವರು ಅಂದುಕೊಂಡೇ ಓಡಿಸಿ" ಅಂತ ಡ್ರೈವಿಂಗ್ ಮೇಷ್ಟರು ಹೇಳಿಕೊಟ್ಟಿದ್ದರು. ರವಿಕೆಗೆ ಅಳತೆ ತೆಗೆಯುವಷ್ಟೇ ಶ್ರದ್ಧೆಯಿಂದ ಅವಳು ಆ ಮಾತನ್ನು ಪಾಲಿಸುತ್ತಿದ್ದಳು.

ಆಸ್ಪತ್ರೆಯಿಂದ ಹೊರಟಾಗ ಸ್ಟೀರಿಂಗ್ ಟೈಲರಮ್ಮನ ಕೈಗೆ ಬಂತು. ಸೀಟು ಸರಿಮಾಡಿ, ಮೂರೂ ಕನ್ನಡಿ ತಿರುಗಿಸಿ, ಭಾವನ ಬೆಲ್ಟನ್ನು ತಾನೇ ಎಳೆದು ಕ್ಲಿಕ್ ಅನ್ನಿಸಿದ ಮೇಲೆಯೇ ಗಾಡಿ ಕದಲಿದ್ದು.

"ಆ ಕೆಂಪು ಕಾರಿನವನನ್ನು ನೋಡಿ ಭಾವ. ಸೇತುವೆಯಿಂದ ಇಂಡಿಕೇಟರ್ ಹೊಡ್ಕೊಂಡೇ ಇದೆ. ಮನೇಲಿ ಜಗಳ ಆಡ್ಕೊಂಡು ಬಂದಿದಾನೆ. ಅವನಿಂದ ದೂರ ಇರೋಣ."

"ಊಂ," ಅಂದರು ಭಾವ.

"ಅಲ್ಲಿ ನಿಂತಿರೋ ವ್ಯಾನಿನ ಅಡಿ ಎರಡು ಕಾಲು ಕಾಣ್ತಿದೆ. ಈಗ ಹೊರಗೆ ಬರ್ತಾರೆ, ನೋಡ್ತಿರಿ." ಅವಳು ನಿಧಾನ ಮಾಡಿದ್ದೇ ತಡ, ವ್ಯಾನಿನ ಮರೆಯಿಂದ ಒಬ್ಬರು ಫೋನಿನಲ್ಲಿ ಮುಖ ಹುದುಗಿಸಿಕೊಂಡು ರಸ್ತೆಗೆ ಇಳಿದೇಬಿಟ್ಟರು. ಭಾವ ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸುಸ್ತಾದರು.

ದೊಡ್ಡ ರಸ್ತೆಗೆ ಬಂದಾಗ ಮುಂದೆ ಒಂದು ಲಾರಿ ಸಿಕ್ಕಿತು. ಅದರ ತುಂಬ ಒಂದರ ಮೇಲೊಂದು ನೀಲಿ ಹೂವಿನ ಹಾಸಿಗೆಗಳು, ಮೇಲೆ ಹಗ್ಗ. ಅವಳು ಲಾರಿ ದಾಟಿದ ದೀಪದ ಕಂಬ ನೋಡಿ ಸೆಕೆಂಡು ಎಣಿಸತೊಡಗಿದಳು. "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು. ಸರಿ, ನಾವೀಗ ಕಂಬ ದಾಟಿದ್ವಿ. ಇಷ್ಟು ಅಂತರ ಇರಲೇಬೇಕು."

ಭಾವನ ಕಣ್ಣು ಇಷ್ಟಗಲವಾಯಿತು. ಲಾರಿಯ ಕಡೆ ಬೆರಳು ತೋರಿಸಿ, "ಊಂ! ಊಂಊಂ!" ಅನ್ನತೊಡಗಿದರು.

"ಗೊತ್ತು ಭಾವ, ನೀವಾಗಿದ್ರೆ ಇಷ್ಟು ಹೊತ್ತಿಗೆ ಅದರ ಡೀಸೆಲ್ ಟ್ಯಾಂಕಿನೊಳಗೆ ಇರ್ತಿದ್ರಿ. ಆದ್ರೆ ಆ ಹಗ್ಗ ಸಡಿಲ ಇದ್ದ ಹಾಗಿದೆ. ನಾನು ಇನ್ನೂ ಹಿಂದೆ ಸರೀತೀನಿ."

ಭಾವ ಎದೆ ಬಡಿದುಕೊಂಡರು, ಲಾರಿ ತೋರಿಸಿದರು, ಮತ್ತೆ ಎದೆ ಬಡಿದುಕೊಂಡರು. ಹಲ್ಲುನೋವು ಎದೆಗೇನಾದರೂ ಇಳಿಯಿತೇ ಅಂತ ಟೈಲರಮ್ಮನಿಗೆ ಕ್ಷಣ ಗಾಬರಿಯಾಯಿತು. ಅಷ್ಟರಲ್ಲಿ ಹಿಂದಿನ ಕಾರಿನಿಂದ ಟೈ ಕಟ್ಟಿದವನೊಬ್ಬ ಪೀಂ ಪೀಂ ಅಂತ ಹಾರ್ನ್ ಹೊಡೆದು, ಇವರನ್ನು ಕೆಕ್ಕರಿಸಿ ನೋಡಿ, ಸರ್ರನೆ ಮುಂದೆ ನುಗ್ಗಿ ಲಾರಿಯ ಬಾಲಕ್ಕೆ ಅಂಟಿಕೊಂಡ.

ಲಾರಿ ಒಂದು ಉಬ್ಬಿನ ಮೇಲೆ ಹಾರಿತು. ಹಗ್ಗ ಬಿಚ್ಚಿತು. ಮೊದಲ ಹಾಸಿಗೆ ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು ಟೈನವನ ಗಾಜಿನ ಮೇಲೆ ಧೊಪ್ಪೆಂದು ಮಲಗಿತು. ಅವನು ಕಣ್ಣು ಕಾಣದೆ ಬ್ರೇಕ್ ಒತ್ತುವಷ್ಟರಲ್ಲಿ ಮುಂದೆ ಬಿದ್ದ ಎರಡು ಹಾಸಿಗೆಗಳೇ ಅವನ ಕಾರನ್ನು ಮೆತ್ತಗೆ ತಡೆದು ನಿಲ್ಲಿಸಿದವು. ಟೈಲರಮ್ಮ ಕನ್ನಡಿಯಲ್ಲಿ ಹಿಂದೆ ನೋಡಿ, ನಿಧಾನ ಮಾಡಿ, ನಾಲ್ಕೂ ದೀಪ ಮಿನುಗಿಸಿ ಪಕ್ಕಕ್ಕೆ ನಿಂತಳು. ಅವಳ ಕಾರಿಗೆ ಒಂದು ನೂಲೂ ತಾಗಲಿಲ್ಲ.

ಟೈನವನು ಬಾಗಿಲು ತೆರೆದು ಹೊರಗೆ ಹಾರಿದ. ಮೈಗೇನೂ ಆಗಿರಲಿಲ್ಲ. "ಯಾವ ಮುಟ್ಠಾಳ ರೀ ಈ ಹಾಸಿಗೆ ಕಟ್ಟಿದ್ದು?"

ಭಾವ ಮುಖ ಹುಳ್ಳಗೆ ಮಾಡಿಕೊಂಡು ಕಾರಿಂದಿಳಿದು ನಿಧಾನವಾಗಿ ಕೈ ಎತ್ತಿದರು.

ಟೈಲರಮ್ಮನಿಗೆ ಆಗ ಎಲ್ಲ ಅರ್ಥವಾಯಿತು. ಬಾಡಿಗೆ ಲಾರಿಗೆ ಬೆಳಗ್ಗೆ ಹಲ್ಲುನೋವಿನ ಅವಸರದಲ್ಲಿ ಸರಕು ತುಂಬಿಸಿ ಹಗ್ಗ ಬಿಗಿದವರು ಸ್ವತಃ ಭಾವನೇ. ನಗು ತಡೆಯಲಾರದೆ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಗಂಭೀರವಾಗಿ ಹೇಳಿದಳು: "ಇವರಿಗೆ ಈಗ ಮಾತು ಬರಲ್ಲ ಸ್ವಾಮಿ. ತಪ್ಪಾಯ್ತು ಅಂತಿದಾರೆ. ಆದ್ರೆ ನೀವೂ ಅಷ್ಟು ಹತ್ತಿರ ಹೋಗಬಾರದಿತ್ತು."

ಟೈನವನು ಎಗರಾಡಬೇಕೆಂದಿದ್ದವನು ಪಕ್ಕದ ಹಾಸಿಗೆಗೆ ಕಾಲು ತಗುಲಿ ಅದರ ಮೇಲೆಯೇ ಕುಸಿದು ಕೂತ. ಒಮ್ಮೆ ಕೂತಲ್ಲೇ ಮೇಲೆ ಕೆಳಗೆ ಕುಣಿದು ನೋಡಿದ. "ಮೆತ್ತಗಿದೆಯಲ್ಲ! ಎಲ್ಲಿ ಸಿಗುತ್ತೆ ಇದು?"

ಭಾವ ಸಡಗರದಿಂದ ತಮ್ಮ ಎದೆ ತೋರಿಸಿಕೊಂಡರು. "ವ್ಯಾಪಾರ ಆಮೇಲೆ ಭಾವ, ಮೊದಲು ರಸ್ತೆಯಿಂದ ಎತ್ತಿ," ಅಂತ ನಾದಿನಿ ಗದರಿದಳು.

ಮುಂದೆ ಹೋಗಿ ನಿಲ್ಲಿಸಿ ಬಂದ ಲಾರಿಯವನು, ಭಾವ, ಟೈನವನು ಮೂವರೂ ಸೇರಿ ಹಾಸಿಗೆಗಳನ್ನು ಮತ್ತೆ ಲಾರಿಗೆ ಹೇರಿದರು. ಹಗ್ಗವನ್ನು ಮಾತ್ರ ಟೈಲರಮ್ಮ ತಾನೇ ಕಟ್ಟಿದಳು. ಒಂದೊಂದು ಗಂಟನ್ನೂ ಜಗ್ಗಿ ನೋಡಿದ ಮೇಲೆಯೇ ಲಾರಿಗೆ ಹೊರಡಲು ಅಪ್ಪಣೆ ಸಿಕ್ಕಿತು.

ಮನೆಗೆ ಇನ್ನು ಎರಡೇ ತಿರುವು. ಹತ್ತಿ ತೆಗೆದಾಗಿತ್ತು, ಆದರೆ ಭಾವನ ಅರ್ಧ ತುಟಿ ಇನ್ನೂ ಮರಗಟ್ಟಿತ್ತು. ಗೋಡೆಯ ತಿರುವಿನಲ್ಲಿ ಅವರು ಹೌಹಾರಿ, "ನಿಲ್ಶು! ಶೈಕಲ್ಲು!" ಅಂದರು.

ಅವಳು ನಿಲ್ಲಿಸಿದಳು. ಅದು ಗೋಡೆಗೆ ಒರಗಿಸಿದ ಏಣಿ.

"ಪರವಾಗಿಲ್ಲ ಭಾವ. ಅನುಮಾನ ಬಂದ್ರೆ ನಿಲ್ಲಿಸೋದೇ ಒಳ್ಳೇದು."

ಅಷ್ಟು ಸಾಕಾಯಿತು. ಅಲ್ಲಿಂದ ಮುಂದೆ ಭಾವನಿಗೆ ಬೆಕ್ಕು, ಗೇಟು, ಕಸದ ಡಬ್ಬಿ, ಎಲ್ಲದರ ಮೇಲೂ ಅನುಮಾನ. ಐದು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಬಾಗಿಲಲ್ಲಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಎಲ್ಲಿ ಹಾಳಾಗಿ ಹೋಗಿದ್ರಿ ಇಷ್ಟು ಹೊತ್ತು?"

ಭಾವ ಎದೆಯುಬ್ಬಿಸಿ ಇಳಿದರು. "ಕಾರು ಓಡಿಶ್ತಿದ್ವಿ ಕಣೇ," ಅಂದರು. "ಇಬ್ಬರೂ ಶೇರಿ."