ಅತ್ತೆ ಸ್ನಾನಕ್ಕೆ ಕೂತಾಗ

ನನ್ನ ಬಾಯಿ ಜೋರು. ಅತ್ತೆಯದು ನನಗಿಂತ ಒಂದು ಕೈ ಮೇಲು. ಹದಿನೆಂಟು ವರ್ಷ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಕೂಗಾಡಿಕೊಂಡೇ ಬಾಳಿದ್ದೇವೆ; ನನ್ನ ಯಜಮಾನರು ಮಧ್ಯೆ ಸಿಕ್ಕಿಕೊಂಡು ಪೇಪರ್ ಓದುವ ನಾಟಕ ಆಡಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈಗ ಒಬ್ಬ ಪ್ಲಂಬರ್ ಹೆಂಗಸನ್ನು ಬಾಯ್ತುಂಬ ಹೊಗಳಲಿದ್ದೇನೆ, ಸುಮ್ಮಸುಮ್ಮನೆ ಯಾರನ್ನಾದರೂ ಹೊಗಳುವ ಜಾಯಮಾನ ನನ್ನದಲ್ಲ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ನೆತ್ತಿಗೆ ಸರಿಯಾಗಿ, ಮಹಡಿಯಲ್ಲಿ, ಅತ್ತೆಯ ಬಾತ್‌ರೂಮು. ಮೂರು ತಿಂಗಳ ಹಿಂದೆ ಚಾವಣಿಯಲ್ಲಿ ತಟ್ಟೆಯಗಲದ ಕಂದು ಕಲೆ ಕಾಣಿಸಿತು. ಆಮೇಲೆ ಹನಿ ಶುರುವಾಯಿತು. ಮೊದಲ ಹನಿ ಬಿದ್ದದ್ದೇ ಗಿರಾಕಿಯೊಬ್ಬಳ ಬಿಳಿ ರೇಷ್ಮೆಯ ಮೇಲೆ.

ಅತ್ತೆ ಟಬ್ಬಿನಲ್ಲಿ ಸ್ನಾನ ಮಾಡಿದ ದಿನ ಮಾತ್ರ ಹನಿ ಬೀಳುತ್ತಿತ್ತು. ನಾನೂ ಯಜಮಾನರೂ ಕೆಳಗಿನ ಬಚ್ಚಲಲ್ಲೇ ಮೀಯುವುದು. ಮಂಡಿನೋವಿನ ಅತ್ತೆಗೆ ಮಾತ್ರ ಬಿಸಿನೀರಲ್ಲಿ ಕೂತರೆ ಹಾಯೆನಿಸುತ್ತದೆ. ಯಜಮಾನರು ರಜದ ದಿನ ತೋಳು ಮಡಚಿ ತನಿಖೆಗೆ ಇಳಿದರು. ಟಬ್ ತುಂಬಿಸಿ ನೋಡಿದರು, ಹನಿ ಇಲ್ಲ. ಬಿರಡೆ ಕಿತ್ತು ನೀರು ಬಿಟ್ಟರು, ಇಲ್ಲ. ಗೋಡೆಗೆ ಶವರ್ ಹಿಡಿದರು, ಆಗಲೂ ಇಲ್ಲ.

“ಅಮ್ಮ ಹೊರಗೆ ನೀರು ಚೆಲ್ತಿದ್ದಾರೆ, ಇನ್ನೇನು!” ಎಂದರು.

“ಒಂದು ತೊಟ್ಟೂ ಚೆಲ್ಲಿಲ್ಲ ಕಣೋ,” ಎಂದರು ಅತ್ತೆ.

ಹೋಗಿ ನೋಡಿದರೆ ನೆಲ ಒಣಗಿಯೇ ಇತ್ತು. ಸಾಮಾನ್ಯ ಬುದ್ಧಿಯಿದ್ದವರು ಅಲ್ಲಿಗೇ ಅತ್ತೆಯ ಮಾತು ನಂಬುತ್ತಿದ್ದರು. ನಮ್ಮ ಬುದ್ಧಿ ಇನ್ನೂ ಚುರುಕು ನೋಡಿ, ಚೆಲ್ಲಿದ್ದಾರೆ, ಒರೆಸಿದ್ದಾರೆ, ಒರೆಸಿದ್ದನ್ನೂ ಮರೆತಿದ್ದಾರೆ ಎಂದು ತೀರ್ಮಾನಿಸಿದೆವು. ಆಮೇಲೆ ಎಲ್ಲವೂ ಅದಕ್ಕೆ ಸಾಕ್ಷಿಯಾಗತೊಡಗಿತು. ಹಾಲು ಉಕ್ಕಿಸಿದರು, ಮರೆವು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರು, ಮರೆವು. ಯಜಮಾನರು ಬಾತ್‌ರೂಮಿನ ಚಿಲಕ ಬಿಚ್ಚಿಟ್ಟು, ಮರೆವಿನ ಕಾಯಿಲೆಯ ಡಾಕ್ಟರ ಹತ್ತಿರ ಸೋಮವಾರಕ್ಕೆ ಸಮಯ ತೆಗೆದುಕೊಂಡರು.

ಅತ್ತೆ ಮೊದಮೊದಲು ಹಾರಾಡಿದರು. ಆಮೇಲೆ ಸುಮ್ಮನಾದರು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು, ಬೆಳಿಗ್ಗೆಯಿಂದ ಏನೇನು ಮಾಡಿದೆ ಅಂತ ಬೆರಳು ಮಡಿಸಿ ಎಣಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು, “ಸ್ನಾನ ಮಾಡಿದ್ನಾ ಇವತ್ತು? ಮಾಡಿದೆ ಅಲ್ವೇನೇ?” ಎಂದು ಕೇಳಿದರು. “ಮಾಡಿದ್ರಿ ಅತ್ತೆ. ಪರವಾಗಿಲ್ಲ ಬಿಡಿ,” ಎಂದೆ ಮೆತ್ತಗೆ.

ಪ್ಲಂಬರನ್ನು ಕರೆಸಿದ್ದು ಚಾವಣಿ ತಲೆಯ ಮೇಲೆ ಕಳಚಿ ಬಿದ್ದೀತೆಂದು. ಬೀದಿಯವರೆಲ್ಲ ನಲ್ಲಿಯಕ್ಕ ಅನ್ನುತ್ತಾರೆ ಅವಳನ್ನು. ಕುಳ್ಳಿ, ಮಂಡಿಗೆ ರಬ್ಬರಿನ ಕವಚ, ಸೊಂಟದಲ್ಲಿ ಟಾರ್ಚು. ಶನಿವಾರ ಬೆಳಿಗ್ಗೆ ಬಂದವಳು ಚೀಲ ಬಿಚ್ಚಲೇ ಇಲ್ಲ. ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಳು. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಬೀದಿಬದಿಯ ನೀರಿನ ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮುಳ್ಳು ಅಲ್ಲಾಡಲಿಲ್ಲ. “ನೀರು ಬರೋ ಪೈಪು ಒಡೆದಿಲ್ಲ,” ಎಂದಳು. ಮಹಡಿಗೆ ಹೋಗಿ ಟಬ್ಬಿನ ಪಕ್ಕದ ಹಲಗೆ ತೆಗೆದು, ನೀರು ಹೊರಹೋಗುವ ಕೊಳವೆಯ ಒಂದೊಂದು ಕೀಲಿಗೂ ಒಣ ಟಿಶ್ಯೂ ಸುತ್ತಿದಳು. ಟಬ್ ಅಂಚಿಗೆ ನಾಲ್ಕು ಬೆರಳು ಕೆಳಗಿನವರೆಗೆ ತುಂಬಿಸಿ, ಬಿರಡೆ ಕಿತ್ತು, ಪೂರ್ತಿ ಖಾಲಿಯಾದ ಮೇಲೆ ಬಿಚ್ಚಿದರೆ ಎಲ್ಲ ಟಿಶ್ಯೂಗಳೂ ಒಣ. ಶವರನ್ನು ಗೋಡೆಗೆ ಹತ್ತು ನಿಮಿಷ ಹಿಡಿದಳು. ಅದೂ ಒಣ.

“ನಾನು ಹೇಳಲಿಲ್ವಾ?” ಯಜಮಾನರು ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. “ನಮ್ಮ ಅಮ್ಮಂಗೆ ಸ್ವಲ್ಪ... ವಯಸ್ಸಾಯ್ತು.”

ನಲ್ಲಿಯಕ್ಕ ಹಿಂದೆ ನಿಂತಿದ್ದ ಅತ್ತೆಯ ಕಡೆ ತಿರುಗಿದಳು. “ಅಮ್ಮ, ನೀವು ಸ್ನಾನ ಹೇಗೆ ಮಾಡ್ತೀರಿ?”

ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ. ನಾಚಿಕೆಯಾಗಬೇಕು ನಮ್ಮ ಜನ್ಮಕ್ಕೆ.

ಅತ್ತೆ ತಲೆ ತಗ್ಗಿಸಿದರು. “ನನ್ನ ಕೇಳಬೇಡ ತಾಯಿ. ನನಗೀಗ ಏನೂ ಸರಿಯಾಗಿ ನೆನಪಿರಲ್ಲ.”

“ನೆನಪು ಯಾಕೆ? ಮಾಡಿ ತೋರಿಸಿ.”

ಸರಿ, ಉಟ್ಟಬಟ್ಟೆಯಲ್ಲೇ ಅತ್ತೆ ಟಬ್ಬಿಗಿಳಿದರು. ನಾನು ಕೈ ಹಿಡಿದುಕೊಂಡೆ. ಗೋಡೆಯ ಕಡೆಗೆ ವಾಲಿ, ಒಂದು ಮೊಣಕೈಯನ್ನು ಅಂಚಿಗೆ ಊರಿ, ಉಸ್ಸಪ್ಪಾ ಎಂದು ಕೂತರು. ನಮ್ಮತ್ತೆಯದು ತುಂಬಿದ ಮೈ, ಸುಳ್ಳೇಕೆ ಹೇಳಲಿ. ನಲ್ಲಿಯಕ್ಕ ಬಿರಡೆ ಹಾಕಿ ನೀರು ಬಿಟ್ಟು, ಅದು ಸೊಂಟದವರೆಗೆ ಏರುವ ತನಕ ಕಾದಳು. ಯಜಮಾನರನ್ನು ಕೆಳಗೆ ಕಲೆಯ ಅಡಿ ನಿಲ್ಲಿಸಿ ಬಂದಳು. ಜೇಬಿನಿಂದ ಒಂದು ತೆಳು ರಟ್ಟಿನ ಚೂರು ತೆಗೆದಳು. ಖಾಲಿ ಟಬ್ಬಿನಲ್ಲಿ ಇದೇ ರಟ್ಟನ್ನು ಅಂಚಿಗೂ ಗೋಡೆಗೂ ನಡುವಿನ ಸಂದಿಗೆ ತುಂಬಿದ್ದ ಬಿಳಿ ಸಿಲಿಕಾನ್ ಅಂಟಿನ ಪಕ್ಕ ತೂರಿಸಲು ನೋಡಿದ್ದಳು, ಎಲ್ಲೂ ಹೋಗಿರಲಿಲ್ಲ. ಈಗ ಅತ್ತೆಯ ಮೊಣಕೈ ಪಕ್ಕದಲ್ಲಿ ಇಟ್ಟಳು. ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಹೋಯಿತು.

ನಾನು ಬಗ್ಗಿ ಆ ಸಂದಿಗೆ ಕಣ್ಣಿಟ್ಟೆ.

“ಈಗ ಹೆಗಲ ಮೇಲೆ ನೀರು ಹಾಕ್ಕೊಳ್ಳಿ, ದಿನಾ ಹಾಕ್ಕೊಳ್ಳೋ ಹಾಗೇ.”

ಅತ್ತೆ ಶವರಿನ ಹಿಡಿ ಎತ್ತಿದರು. ನೀರು ಹೆಗಲಿಗೆ ಬಿದ್ದು, ಗೋಡೆಗೆ ಹಾರಿ, ಇಳಿದು, ಆ ಸಂದಿನೊಳಗೆ ಮೆಲ್ಲಗೆ ಮಾಯವಾಯಿತು. ನೆಲಕ್ಕೆ ಒಂದು ತೊಟ್ಟೂ ಬೀಳಲಿಲ್ಲ.

ಕೆಳಗಿನಿಂದ ಕೂಗು ಕೇಳಿಸಿತು. “ಬಿತ್ತು! ಬಿತ್ತು ಕಣೇ! ಹನಿ ಬಿತ್ತು!”

“ಟಬ್ ತುಂಬಿಸಿ ನೋಡಿದಾಗ ಭಾರಕ್ಕೆ ಈ ಸಂದು ಬಾಯಿ ಬಿಟ್ಟಿತ್ತು, ಆದ್ರೆ ಅಷ್ಟು ಮೇಲೆ ನೀರಿರಲಿಲ್ಲ,” ಎಂದಳು ನಲ್ಲಿಯಕ್ಕ, ರಟ್ಟು ಒರೆಸಿಕೊಳ್ಳುತ್ತ. “ಶವರ್ ಬಿಟ್ಟಾಗ ನೀರಿತ್ತು, ಟಬ್ ಖಾಲಿ, ಸಂದು ಮುಚ್ಚಿತ್ತು. ಎರಡೂ ಒಟ್ಟಿಗೆ ಆಗೋದು ಅಮ್ಮ ಸ್ನಾನಕ್ಕೆ ಕೂತಾಗ ಮಾತ್ರ. ಈ ಕಡೆ ಟಬ್ಬಿನ ಕಾಲು ಬೇರೆ ಸಡಿಲ ಇದೆ.”

ಅಯ್ಯೋ ನನ್ನ ಬುದ್ಧಿಗಿಷ್ಟು! ಹ್ಯಾಂಗರಿಗೆ ನೇತುಹಾಕಿದ ಅಂಗಿಯ ಹೊಲಿಗೆ ಬಿಡುವುದಿಲ್ಲ, ಮೈಮೇಲೆ ತೊಟ್ಟು ಕೈ ಎತ್ತಿದಾಗಲೇ ಬಿಡುವುದು. ಇದನ್ನು ಕಲಿಯುವವರಿಗೆಲ್ಲ ನೂರು ಸಲ ಹೇಳಿಕೊಟ್ಟವಳು ನಾನು. ಅವಳ ಕೈಗೆ ಅಲ್ಲೇ ಮುತ್ತು ಕೊಡಬೇಕೆನಿಸಿತು.

ಯಜಮಾನರು ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಬಂದರು. “ಈ ಸಿಲಿಕಾನ್ ಹಾಕಿದ್ದು ಯಾರು ಸಾರ್?” ಎಂದು ಅವಳು ಕೇಳಿದಾಗ ಕಿವಿಯವರೆಗೂ ಕೆಂಪಾದರು. “ನಾನೇ.” ಅವಳು ನಗಲಿಲ್ಲ. “ಕೆಲಸ ನೀಟಾಗಿದೆ ಸಾರ್. ಟಬ್ ತುಂಬಿಸಿ, ಭಾರಕ್ಕೆ ಸಂದು ಬಿಟ್ಟಿರೋವಾಗ ಹಾಕ್ಬೇಕಿತ್ತು, ಅಷ್ಟೇ.”

“ಅಮ್ಮಾ...” ಎಂದು ಅವರು ಏನೋ ಹೇಳಹೊರಟರು.

“ಹೊರಗೆ ನಿಂತು ಅಳೋ,” ಎಂದರು ಅತ್ತೆ ಟಬ್ಬಿನೊಳಗಿಂದ. “ನಾನು ಸ್ನಾನಕ್ಕೆ ಕೂತಿದೀನಿ, ಕಾಣ್ಸಲ್ವಾ?”

ನಲ್ಲಿಯಕ್ಕ ಮಧ್ಯಾಹ್ನದೊಳಗೆ ಸಡಿಲವಾದ ಕಾಲನ್ನು ಬಿಗಿದು, ಹಳೆಯ ಸಿಲಿಕಾನನ್ನು ಎಳೆಎಳೆಯಾಗಿ ಕೆರೆದು, ಸಂದನ್ನು ಒಣಗಿಸಿದಳು. ಟಬ್ ತುಂಬ ನೀರು ನಿಲ್ಲಿಸಿ ಹೊಸದನ್ನು ಎಳೆದು, ನಾಳೆಯವರೆಗೆ ಆ ನೀರನ್ನು ಖಾಲಿ ಮಾಡಬಾರದೆಂದಳು. ಹೊರಡುವಾಗ ಅತ್ತೆಯ ಹತ್ತಿರ ಹೋಗಿ, “ನೀವು ಹೇಳಿದ್ದೆಲ್ಲ ಸರಿಯಿತ್ತು ಅಮ್ಮ,” ಎಂದಳು. ಯಜಮಾನರು ಡಾಕ್ಟರಿಗೆ ಫೋನ್ ಮಾಡಿ ಸೋಮವಾರ ಬರುವುದಿಲ್ಲವೆಂದು ತಿಳಿಸಿದರು.

ಸಂಜೆ ನಾನು ಅತ್ತೆಯ ಕಾಲ ಬಳಿ ಕೂತೆ. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ, ತಡವರಿಸಿತು. “ಅತ್ತೆ, ನಿಮ್ಮನ್ನ ಅನುಮಾನಿಸಿಬಿಟ್ಟೆ. ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ.”

“ಬೈದಿದ್ದಕ್ಕೆ ಯಾರೇ ಬೇಜಾರು ಮಾಡ್ಕೊಂಡ್ರು?” ಎಂದರು ಅತ್ತೆ. “ಹದಿನೆಂಟು ವರ್ಷದಿಂದ ಬೈತಾನೇ ಇದೀಯ. ಹೋದ ತಿಂಗಳು ಬೈಯೋದನ್ನ ನಿಲ್ಲಿಸಿಬಿಟ್ಟೆ ನೋಡು. ಹಾಲು ಉಕ್ಕಿದ್ರೂ ಪರವಾಗಿಲ್ಲ ಅತ್ತೆ, ಕನ್ನಡಕ ಕಳೆದ್ರೂ ಪರವಾಗಿಲ್ಲ ಅತ್ತೆ. ಆಗ ಕಣೇ ನಂಗೆ ಜೀವ ಝಲ್ ಅಂದಿದ್ದು. ಇವಳೇ ನನ್ನ ಕೈಬಿಟ್ಟಳು ಅಂದ್ಮೇಲೆ ನನ್ನ ತಲೆ ನಿಜವಾಗ್ಲೂ ಕೆಟ್ಟಿದೆ ಅಂದ್ಕೊಂಡೆ.”

ನನಗೆ ಅಳು ಒತ್ತರಿಸಿ ಬಂತು. ಅವರ ಮಡಿಲಲ್ಲಿ ಮುಖ ಇಟ್ಟು ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ನೋಡಿದರೆ, ಅವರು ಮೇಲಿನ ಸೀರೆ ಮಾತ್ರ ಬದಲಿಸಿ, ಬೆಳಿಗ್ಗೆ ನೆನೆದ ಲಂಗದಲ್ಲೇ ಇನ್ನೂ ಕೂತಿದ್ದರು.

“ಏನತ್ತೆ ಇದು, ಬುದ್ಧಿ ಎಲ್ಲಿಟ್ಟಿದೀರಿ?” ಎಂದು ಸೂರು ಹಾರಿಹೋಗುವಂತೆ ಕೂಗಿದೆ. “ಒದ್ದೆ ಬಟ್ಟೇಲೇ ದಿನವಿಡೀ ಕೂತು ನೆಗಡಿ ತರಿಸ್ಕೊಂಡು ನನ್ನ ಪ್ರಾಣ ತಿನ್ನಬೇಕಂತಿದೀರಾ?”

“ಹೂಂ, ತಿಂತೀನಿ!” ಎಂದು ಅತ್ತೆ ನನ್ನಷ್ಟೇ ಜೋರಾಗಿ ಕೂಗಿ, ಬಟ್ಟೆ ಬದಲಿಸಲು ಎದ್ದರು.