ಗೋಡೆಯಾಚೆಯ ರೊಟ್ಟಿ

“ನಿಮ್ಮವ್ವನ ಹೆಣ ಪಡಸಾಲ್ಯಾಗ ಕುಂದ್ರಿಸ್ಯಾರ. ನೀ ನೋಡಿದ್ರ ಕಿವಿಗಿ ಹೆಡ್‌ಫೋನ್ ಸಿಗಿಸ್ಕೊಂಡಿ. ಮಂದಿ ಏನಂದಾರು?”

ನಾಗರತ್ನಾ ಚಿಗವ್ವ ಪಿಸುದನಿಯಲ್ಲೇ ಗದರಿಸಿದಳು. ಅಂಬಿಕಾ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡಳೇ ಹೊರತು ತೆಗೆದಿಡಲಿಲ್ಲ.

“ನಾಳೆ ಕಲಬುರಗ್ಯಾಗ ವಿಡಿಯೊ ತೋರಸೋದದ ಚಿಗವ್ವಾ. ‘ನಾ ಇರಲಿ ಬಿಡಲಿ, ನನ್ನ ಕೈಗಿ ಸಪ್ಪಳ ಕೂಡಿಸೇ ತೋರ್ಸು’ ಅಂದಿದ್ಳು ಅವ್ವ.”

“ಮಾರಿನೇ ಇಲ್ಲದ ವಿಡಿಯೊ! ಬರೇ ಕೈ. ಯಾರು ನೋಡ್ತಾರ ಅದನ್ನ?”

“ನೋಡ್ತಾರ.”

ನಾಲ್ಕು ನಿಮಿಷದ ಚಿತ್ರ. ಕಮಲಾಪುರದ ಈ ಮನೆಯ ಒಲೆ, ಹಂಚು, ಜೋಳದ ಹಿಟ್ಟು, ರೊಟ್ಟಿ ಬಡಿಯುವ ಅವ್ವ ಶಂಕ್ರಮ್ಮನ ಎರಡು ಕೈ. ಸದ್ದಿಲ್ಲ.

*

“ಮಾತಾಡಬ್ಯಾಡ ಅವ್ವಾ, ಮೈಕಿನ್ಯಾಗ ಬರ್ತದ,” ಎಂದಿದ್ದಳು ಅಂಬಿಕಾ, ಚಿತ್ರ ತೆಗೆದ ದಿನ.

“ಬಾಯಿ ಮುಚ್ಕೊಂಡು ಬಡದ್ರ ರೊಟ್ಟಿ ಉಬ್ತಾವೇನು?” ಎಂದು ನಕ್ಕರೂ ಶಂಕ್ರಮ್ಮ ಅಂದು ತುಟಿ ಬಿಗಿದೇ ಬಡಿದಳು. ಮೈಕಿನ ಬ್ಯಾಟರಿ ಮೊದಲೇ ಮುಗಿದಿತ್ತೆಂದು ತಿಳಿದದ್ದು ಆಮೇಲೆ.

“ನನ್ನ ಬಾಯಿ ಕಟ್ಟಿಹಾಕಿ ಏನು ಸಿಕ್ತಬೇ ನಿನಗ? ಇನ್ನೊಂದಿನ ಬಾ, ಬರೇ ಸಪ್ಪಳ ತುಂಬ್ಕೊಂಡು ಹೋಗು.”

ಆ ದಿನ ಬರಲಿಲ್ಲ. ಕಲಬುರಗಿಯ ಬ್ರಹ್ಮಪುರದ ಕೋಣೆಯಲ್ಲಿ ಅಂಬಿಕಾಳ ಗೆಳೆಯ ನೋಮಾನ್ ಚಪ್ಪಾಳೆ ತಟ್ಟಿ ನೋಡಿದ, ಹಸಿ ಬಟ್ಟೆ ಬಡಿದು ನೋಡಿದ. ಯಾವುದೂ ಆ ಕೈಗೆ ಕೂಡಲಿಲ್ಲ.

“ನಿಮ್ಮವ್ವ ನಡುನಡುವ ಸುಮ್ನ ನಿಂತುಬಿಡ್ತಾರ. ತಾಳ ತಪ್ತದ. ಅಷ್ಟು ಕತ್ತರಸೋಣೇನು?”

“ಬ್ಯಾಡ. ಅವ್ವ ಸುಮ್ನ ನಿಂದ್ರೋ ಪೈಕಿ ಅಲ್ಲ.”

*

ಮಣ್ಣಾಗುವ ತನಕ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂದವರಿಗೆಲ್ಲ ರೊಟ್ಟಿ ಬೇಯುತ್ತಿದ್ದದ್ದು ಗೋಡೆಯಾಚೆ, ಇಕ್ಬಾಲ್ ಬೇಗಂ ಮನೆಯಲ್ಲಿ. ಆ ಸಪ್ಪಳ ಕೇಳಿದ್ದೇ ಅಂಬಿಕಾ ಮೈಕು ಹಿಡಿದು ಹಿತ್ತಲಿನಿಂದ ಹೋದಳು. ಈ ಸಲ ಬ್ಯಾಟರಿ ಎರಡೆರಡು ಸಲ ನೋಡಿಕೊಂಡಳು.

“ಖಾಲಾ, ನೀವು ಬಡೀರಿ. ನಾ ತುಂಬ್ಕೋತೀನಿ.”

ಬೇಗಂ ಬಡಿದಳು. ಬಡಿಯುತ್ತ ಬಡಿಯುತ್ತ ಗೋಡೆಯ ಕಡೆ ಮುಖವೆತ್ತಿದಳು. “ಶಂಕ್ರಕ್ಕಾ, ಹಪ್ಪಳ ಬಿಸಲಿಗಿ ಹಾಕ್ದೇನು?”

ಅಂದವಳೇ ನಾಲಿಗೆ ಕಚ್ಚಿಕೊಂಡಳು. “ಯಾ ಅಲ್ಲಾ! ರೂಢಿ ಬೇಟಿ. ನಾ ಮಾತಾಡ್ದಾಗ ಆಕಿ ಕೈ ನಿಲ್ಲಸ್ತಿದ್ಳು, ಆಕಿ ಮಾತಾಡ್ದಾಗ ನಾ. ಒಂದಿನ ಮಾತ್ರ ಎಷ್ಟು ಕರದ್ರೂ ‘ಓ’ ಅನ್ನಲಿಲ್ಲ. ಸಿಟ್ಟಾಗ್ಯಾಳ ಅಂದ್ಕೊಂಡಿದ್ದೆ.”

ಅಂಬಿಕಾ ಫೋನು ತೆಗೆದು ಹಿಟ್ಟಿನ ಡಬ್ಬಿಗೆ ಆನಿಸಿಟ್ಟಳು. ತೆರೆಯ ಮೇಲೆ ಶಂಕ್ರಮ್ಮನ ಕೈ ಬಡಿಯಿತು, ನಿಂತಿತು, ಮತ್ತೆ ಬಡಿಯಿತು.

ಬೇಗಂ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕೇಳಿಸ್ಕೊಳ್ಳಾಕತ್ತಿದ್ಳೇನು!”

“ಮೊದಲಿಂದ ಹಚ್ತೀನಿ ಖಾಲಾ. ಆಕಿ ಜೋಡಿ ಬಡೀರಿ. ಕೈ ನಿಂತಲ್ಲಿ ಕರೀರಿ.”

“‘ಓ’ ಅನ್ನೋರು ಯಾರವ್ವಾ?”

“ನೀವು ಕರೀರಿ.”

ಗೋಡೆಯಾಚೆ ಭಜನೆಯ ತಾಳ ಕೇಳುತ್ತಿತ್ತು. ತೆರೆಯ ಮೇಲಿನ ಕೈ ನಿಂತಿತು.

“ಶಂಕ್ರಕ್ಕಾ!”

ತುಸು ತಡೆದು ಆ ಕೈ ಮತ್ತೆ ಬಡಿಯತೊಡಗಿತು; ಅದರ ಜೊತೆಗೇ ಬೇಗಂ ಕೈಯೂ. ಅಂಬಿಕಾಳನ್ನು ಕರೆಯಲೆಂದು ಬಂದಿದ್ದ ನಾಗರತ್ನಾ ಚಿಗವ್ವ ಬಾಗಿಲಲ್ಲೇ ನಿಂತು, ಸದ್ದಾಗದಂತೆ ತನ್ನ ಬಳೆಗಳನ್ನು ಬಿಗಿಯಾಗಿ ಹಿಡಿದುಕೊಂಡಳು.