ಸೇಬಿನ ಬೆಣ್ಣೆ ಸೇತುವೆ ದಾಟುವ ಮುನ್ನ

ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮೂರಲ್ಲಿ ಮನೆಗೊಬ್ಬರು ವ್ಯಾಪಾರಿಗಳಾದರು. ಒಬ್ಬಳು ಕೇಕ್ ಮಾರುತ್ತಾಳೆ, ಇನ್ನೊಬ್ಬ ಶೆಡ್ಡಿನಲ್ಲಿ ಕುರ್ಚಿ ಮಾಡುತ್ತಾನೆ. ಕೈಯಲ್ಲಿ ಕಸುಬಿದೆ, ಛಲವೂ ಇದೆ. ಕಾನೂನಿನ ಮಾತು ಮಾತ್ರ ಯಾರಿಗೂ ಬೇಡ. "ಕೇಳಿದ್ರೆ ತಾನೇ ಇಲ್ಲ ಅನ್ನೋದು?" ಎಂಬುದು ಇಲ್ಲಿನವರ ಜಾಣತನ. ಆ ಜಾಣತನ ವೆರ್ನಾ ಸ್ಟಾಲರ್ಡ್ ಮನೆಯ ಅನ್ನಕ್ಕೇ ಕಲ್ಲು ಹಾಕುವುದರಲ್ಲಿತ್ತು.

ನಮ್ಮೂರಿರುವುದು ಅಮೆರಿಕದ ಒಹಾಯೊ ನದಿಯ ದಡದಲ್ಲಿ. ಈಚೆ ದಡ ಒಹಾಯೊ ರಾಜ್ಯ, ಸೇತುವೆ ದಾಟಿದರೆ ವೆಸ್ಟ್ ವರ್ಜೀನಿಯಾ. ಎರಡೂ ದಡದವರು ನೆಂಟರು, ಒಂದೇ ಚರ್ಚಿನವರು. ನಡುವೆ ಗಡಿಯಿದೆ ಎಂಬುದೇ ನಮಗೆ ಮರೆತುಹೋಗಿದೆ.

ವೆರ್ನಾಳ ಸೇಬಿನ ಬೆಣ್ಣೆ ಎಂದರೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ಹೆಸರಿಗಷ್ಟೇ ಬೆಣ್ಣೆ. ಸೇಬು, ಸಕ್ಕರೆ, ದಾಲ್ಚಿನ್ನಿ ಸೇರಿಸಿ ಕಡುಕಂದು ಆಗುವವರೆಗೆ ಕುದಿಸಿದ ಪಾಕ ಅದು, ಬ್ರೆಡ್ಡಿಗೆ ಹಚ್ಚಿ ತಿನ್ನುತ್ತೇವೆ. ಅಕ್ಟೋಬರ್ ಬಂದರೆ ಅಂಗಳದಲ್ಲಿ ಸೌದೆ ಉರಿ ಹಾಕಿ, ಅಜ್ಜಿಯ ಕಾಲದ ತಾಮ್ರದ ಹಂಡೆ ಏರಿಸುತ್ತಾರೆ. ಉದ್ದನೆಯ ಮರದ ಸಟ್ಟುಗ ಹಿಡಿದು ದಿನವಿಡೀ ತಿರುವಬೇಕು, ಕೈ ಬಿಟ್ಟರೆ ತಳ ಹಿಡಿಯುತ್ತದೆ. ಬಂದವರೆಲ್ಲ ತಮ್ಮ ಸರದಿ ತಿರುವಿಯೇ ಹೋಗುವುದು ಇಲ್ಲಿನ ಪದ್ಧತಿ.

ಆ ಶುಕ್ರವಾರ ಸಟ್ಟುಗ ವೆರ್ನಾಳ ಗಂಡ ಆರ್ವಿಲ್‌ನ ಕೈಯಲ್ಲಿತ್ತು. ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರಲ್ಲಿ ಅವನೂ ಒಬ್ಬ. ಆಚೆ ದಡದಲ್ಲಿ ಅವನ ದೊಡ್ಡಪ್ಪನ ಮಗ ಡೆಲ್ಮರ್‌ನ ದಿನಸಿ ಅಂಗಡಿಯಿದೆ. "ನಾಳೆ ಹಂಡೆಯಷ್ಟನ್ನೂ ತಂದುಬಿಡು, ಅಂಗಡಿ ಮುಂದಿನ ಸಾಲು ನಿಂಗೇ" ಎಂದು ಡೆಲ್ಮರ್ ಹೇಳಿದ್ದ. ಆ ಅಂಗಡಿಯ ವ್ಯಾಪಾರ ಸಿಕ್ಕರೆ ಮನೆ ನಡೆಯುತ್ತದೆ. ಇಲ್ಲದಿದ್ದರೆ ಮನೆ ಮಾರಿ, ಕೊಲಂಬಸ್ ನಗರಕ್ಕೆ ಕೆಲಸ ಹುಡುಕಿಕೊಂಡು ಹೋಗುವುದೇ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಲೆನೋರಾ ಬಂದಳು. ಹಿಂದೆ ವಕೀಲಳಾಗಿದ್ದವಳು, ಈಗ ಕಾಲೇಜಿನಲ್ಲಿ ವ್ಯಾಪಾರದ ಕಾನೂನು ಕಲಿಸುತ್ತಾಳೆ.

"ಎಲ್ಲಿಗೆ ಹೋಗ್ತದೆ ಇಷ್ಟೊಂದು?" ಎಂದು ಕೇಳಿದಳು.

"ಆಚೆಗೆ. ಡೆಲ್ಮರ್ ಅಂಗಡಿಗೆ" ಎಂದ ಆರ್ವಿಲ್.

"ಆಚೆಗಾ? ಹಾಗೆಲ್ಲ ಒಯ್ಯೋ ಹಾಗಿಲ್ಲ ಕಣೋ."

"ಶುರುವಾಯ್ತು ನೋಡು ಲಾಯರಮ್ಮನ ಪುರಾಣ! ನಾವೇನು ಕಳ್ಳಭಟ್ಟಿ ಕಾಯಿಸ್ತಿದ್ದೀವಾ? ಸೇಬು ತಾಯಿ, ಸೇಬು! ಇದು ಸ್ವತಂತ್ರ ದೇಶ. ನಂಗೆ ಸಂವಿಧಾನ ಇದೆ."

"ಓದಿದ್ದೀಯಾ?"

"ಗೋಡೆಗೆ ಹಾಕಿದ್ದೀನಿ."

"ಧೂಳು ಒರೆಸೋಳು ನಾನು" ಎಂದು ವೆರ್ನಾ ನಕ್ಕಳು.

ಲೆನೋರಾ ನಗಲಿಲ್ಲ. "ಎಲ್ಲಕ್ಕಿಂತ ಮೇಲಿರೋದು ಆ ಸಂವಿಧಾನವೇ, ಒಪ್ಪಿದೆ. ರಾಜ್ಯ ರಾಜ್ಯದ ನಡುವಿನ ವ್ಯಾಪಾರದ ಲಗಾಮು ವಾಷಿಂಗ್ಟನ್ನಿನ ಸಂಸತ್ತಿನ ಕೈಲಿ ಇರ್ಲಿ ಅಂತ ಹೇಳಿರೋದೂ ಅದೇ. ನಿನ್ನ ಸೀಸೆ ಸೇತುವೆ ದಾಟ್ತು ಅಂದ್ರೆ ಅದು ಆ ಲೆಕ್ಕಕ್ಕೆ ಬಂತು."

ಆರ್ವಿಲ್‌ನ ಕೈ ನಿಂತಿತು.

"ತಿರುವೋ ಮಾರಾಯ, ತಳ ಹಿಡೀತದೆ!" ಎಂದು ಗದರಿದ ವೆರ್ನಾ ಲೆನೋರಾಳ ಕಡೆ ತಿರುಗಿದಳು. "ಮನೇಲಿ ಮಾಡಿದ್ದನ್ನ ಪರವಾನಗಿ ಇಲ್ದೆ ಮಾರಬಹುದು ಅಂತ ನೀನೇ ಹೇಳಿದ್ದೆಯಲ್ಲೇ?"

"ಹೇಳಿದ್ದೆ. ಅದು ಒಹಾಯೊ ಶಾಸನಸಭೆ ಮಾಡಿದ ಕಾನೂನು, ಒಹಾಯೊ ಒಳಗೆ ಮಾತ್ರ ನಡೆಯೋದು. ಆಚೆಯವರಿಗೆ ಅವರದ್ದೇ ಕಾನೂನು. ಸೀಸೆ ಮೇಲಿನ ಚೀಟಿ ಹೇಗಿರ್ಬೇಕು ಅಂತ ನೋಡೋದು ಕೃಷಿ ಇಲಾಖೆ. ಅಂಗಳದಲ್ಲಿ ಬೋರ್ಡು ಹಾಕ್ಬಹುದಾ ಅಂತ ಹೇಳೋದು ನಮ್ಮೂರ ಸಭೆ. ಇದರ ಅರ್ಥ ಹೀಗಾ ಹಾಗಾ ಅಂತ ಜಗಳ ಬಂದ್ರೆ ಕೋರ್ಟಿದೆ. ದೊಡ್ಡ ಕೋರ್ಟು ಒಮ್ಮೆ ತೀರ್ಪು ಕೊಟ್ರೆ ಕೆಳಗಿನ ಕೋರ್ಟುಗಳೂ ಅದೇ ದಾರೀಲಿ ನಡೀಬೇಕು. ಅದೂ ಕಾನೂನೇ."

"ಇಷ್ಟು ಜನ ಅತ್ತೆಯರಿದ್ರೆ ಸೊಸೆ ಬಾಳೋದು ಹೇಗೆ?" ಎಂದ ಆರ್ವಿಲ್.

"ಯಾವ ಅತ್ತೆ ಯಾವುದಕ್ಕೆ ಬೈತಾಳೆ ಅಂತ ಗೊತ್ತಿದ್ರೆ ಬಾಳಬಹುದು."

"ಒಂದೇ ನದಿ, ಒಂದೇ ಜನ. ಯಾರು ನೋಡ್ತಾರೆ ಬಿಡು."

"ಪಟಾಕಿ ಹಾರಿಸಿದಾಗ್ಲೂ ಹೀಗೇ ಅಂದಿದ್ದೆ" ಎಂದಳು ವೆರ್ನಾ. ಕೆಲವು ವರ್ಷಗಳ ಹಿಂದೆ ಆರ್ವಿಲ್ ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆಂದು ಆಚೆ ದಡದಿಂದ ಪಟಾಕಿ ತಂದು ಈಚೆ ಹಾರಿಸಿದ್ದ. ಅಲ್ಲಿ ಸರಿಯಾದದ್ದು ಇಲ್ಲಿ ತಪ್ಪು ಹೇಗೆ ಎಂದು ಪೊಲೀಸನೊಡನೆ ವಾದವನ್ನೂ ಮಾಡಿದ್ದ. ದಂಡ ಕಟ್ಟಿದ್ದು ಮಾತ್ರ ಅವನೇ.

ಲೆನೋರಾ ದನಿ ತಗ್ಗಿಸಿದಳು. "ಇನ್ನೊಂದು ಮಾತು ವೆರ್ನಾ, ಬೇಜಾರಾಗ್ಬೇಡ. ನಮ್ಮ ರಾಜ್ಯದ ರಿಯಾಯಿತಿ ಇರೋದು ಮನೆಯೊಳಗಿನ ಅಡುಗೆಮನೇಲಿ ಮಾಡಿದ್ದಕ್ಕೆ. ಅಂಗಳದ ಹಂಡೆಗಲ್ಲ."

ವೆರ್ನಾಳ ಮುಖ ಸಣ್ಣದಾಯಿತು. "ಇದು ನಮ್ಮಜ್ಜಿ ಹಂಡೆ ಕಣೇ."

"ಗೊತ್ತು. ನಾನೂ ಇದರಲ್ಲಿ ಮಾಡಿದ್ದನ್ನೇ ತಿಂದು ಬೆಳೆದೋಳು. ಆದ್ರೆ ಗಾಳಿಗೆ ಬೂದಿ ಬೀಳ್ತದೆ, ಹುಳ ಬೀಳ್ತದೆ. ತಿಂದೋರು ಯಾರಾದ್ರೂ ಹುಷಾರು ತಪ್ಪಿ ದಾವೆ ಹಾಕಿದ್ರೆ ಈ ಮನೆ ಹೋಗ್ತದೆ. ಮನೆಗೆ, ನೆಂಟರಿಗೆ ಹಂಡೇಲಿ ಮಾಡು. ಮಾರೋದಕ್ಕೆ ಒಳಗಿನ ಒಲೆ ಮೇಲೆ ಮಾಡು."

ವೆರ್ನಾ ಗಂಡನ ಕೈಯಿಂದ ಸಟ್ಟುಗ ಕಿತ್ತುಕೊಂಡಳು.

"ಈ ಹಂಡೆಯದ್ದು ಒಂದು ಸೀಸೆಯನ್ನೂ ಮಾರಲ್ಲ. ಚರ್ಚಿನಲ್ಲಿ ಹಂಚ್ತೀನಿ. ಡೆಲ್ಮರ್‌ಗೆ ಫೋನ್ ಮಾಡು."

"ಹುಚ್ಚೇನೇ ನಿಂಗೆ? ಇದು ಹೋದ್ರೆ ಮನೇನೇ ಹೋಗ್ತದೆ!"

"ಮನೆ ಉಳೀಬೇಕು ಅಂತಾನೇ ಹೇಳ್ತಿರೋದು! ಸೀಸೆ ಮೇಲಿರೋದು ನನ್ನ ಹೆಸರು. ಬರ್ತೀವಿ, ಆದ್ರೆ ಕದ್ದು ಬರಲ್ಲ ಅಂತ ಹೇಳು ಅವನಿಗೆ."

ಆರ್ವಿಲ್ ಗೊಣಗುತ್ತಲೇ ಫೋನ್ ಮಾಡಿದ. ಡೆಲ್ಮರ್ ರೇಗಿದ, ಹಂಗಿಸಿದ. ಕೊನೆಗೆ "ಎಷ್ಟು ದಿನ ಕಾಯಲಿ?" ಎಂದ. "ಪರವಾನಗಿ ಸಿಗೋವರೆಗೆ" ಎಂದ ಆರ್ವಿಲ್. ಹೆಂಡತಿಯ ಹಟ ಅವನಿಗೂ ಅಂಟಿತ್ತು.

ವೆರ್ನಾ ಸೋಮವಾರವೇ ಕೃಷಿ ಇಲಾಖೆಯನ್ನು ಕೇಳಿದಳು. ಮನೆಯ ಒಲೆಯಲ್ಲಿ ಮಾಡಿ, "ಮನೆಯಲ್ಲಿ ತಯಾರಿಸಿದ್ದು" ಎಂದು ಚೀಟಿ ಹಚ್ಚಿ ಈಚೆಯ ಸಂತೆಯಲ್ಲಿ ಮಾರಿದಳು. ಆಚೆಗೆಂದು, ತಪಾಸಣೆಯಾದ ಅಡುಗೆಮನೆಯೊಂದನ್ನು ಬಾಡಿಗೆಗೆ ಹಿಡಿದು ಎಲ್ಲ ಅನುಮತಿಯನ್ನೂ ಪಡೆದಳು. ಚಳಿಗಾಲ ಬಹಳ ಬಿಗಿಯಾಗಿಯೇ ಕಳೆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮನೆ ಮಾರಲಿಲ್ಲ.

ವಸಂತದಲ್ಲಿ ಸೀಸೆಗಳು ಡೆಲ್ಮರ್‌ನ ಅಂಗಡಿಯ ಮುಂದಿನ ಸಾಲಿಗೆ ಬಂದವು. ಒಂದು ದಿನ ಸರ್ಕಾರದ ತಪಾಸಣೆಯವಳು ಬಂದು ಒಂದು ಸೀಸೆ ಎತ್ತಿ, ತಿರುಗಿಸಿ ಓದಿದಳು. ಆರ್ವಿಲ್ ಅಲ್ಲೇ ನಿಂತಿದ್ದ. ಅವಳು ಯಾರದಿದು ಎಂದು ಕೇಳಿದಾಗ ಹಿಂದೆ ಸರಿಯಲಿಲ್ಲ. "ನನ್ನ ಹೆಂಡ್ತಿದು. ಇನ್ನೇನಾದ್ರೂ ಕೇಳೋದಿದ್ರೆ ಕೇಳಿ" ಎಂದ.

ಓದುವವರೇ, ನೀವೂ ಏನನ್ನಾದರೂ ಮಾಡಿ ಮಾರಲು ಹೊರಟಿರಬಹುದು. ಇದಕ್ಕೆ ಯಾರ ಕಾನೂನು ತಾಕುತ್ತದೆ, ದೇಶದ್ದೋ, ರಾಜ್ಯದ್ದೋ, ಇಲಾಖೆಯದ್ದೋ, ಊರಿನದ್ದೋ ಎಂದು ಮೊದಲೇ ವಿಚಾರಿಸಿ. ನ್ಯಾಯಾಲಯ ಹಿಂದೆ ಏನು ಹೇಳಿದೆ ಎಂದು ತಿಳಿದವರನ್ನು ಕೇಳಿ. "ಅಜ್ಜಿ ಹೀಗೇ ಮಾಡುತ್ತಿದ್ದಳು" ಎಂಬ ಉತ್ತರವನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ. ಕೇಳಲು ನಾಚಬೇಡಿ. ಮೊದಲ ಸೀಸೆ ಮಾರುವ ಮುಂಚೆಯೇ ಕೇಳಿ, ನಿಮ್ಮ ಹೆಸರನ್ನು ಧೈರ್ಯವಾಗಿ ಅದರ ಮೇಲೆ ಬರೆಯಿರಿ.